ಮುಯ್ಯಾಳು

"ಅಲ್ಲಪ್ಪ, ಬಿಇ ಓದಿ ಬಟನ್ ಮಾಡ್ತೀಯಾ?" ಪುರವರಕ್ಕೆ ಹೋದಾಗಲೆಲ್ಲ ಅಪ್ಪನದು ಇದೇ ಪ್ರಶ್ನೆ. ಸುಳ್ಳೇನಲ್ಲ. ನಾನು ಫ್ರಂಟ್-ಎಂಡ್ ಡೆವಲಪರ್. ಬಟನ್ನು, ಮೆನು, ತಾರೀಖು ಆರಿಸುವ ಪುಟ್ಟ ಕ್ಯಾಲೆಂಡರ್ ಇವೇ ನನ್ನ ಬೆಳೆ. ಆಫೀಸು ಮುಗಿದ ಮೇಲೆ ರಾತ್ರಿ ಕೂತು ಇವನ್ನೇ ಒಂದು ಓಪನ್ ಸೋರ್ಸ್ ಲೈಬ್ರರಿ ಮಾಡಿ, ಎಂಐಟಿ ಲೈಸೆನ್ಸ್ ಹಾಕಿ ಬಿಟ್ಟಿದ್ದೆ. ಯಾರು ಬೇಕಾದರೂ ಬಳಸಲಿ, ತಿದ್ದಲಿ, ಮಾರಲಿ.

"ದುಡ್ಡು?"

"ಇಲ್ಲಪ್ಪ. ನಾನು ಬೇರೆಯವರದು ಬಳಸ್ತೀನಿ, ಅವರು ನನ್ನದು."

"ಹಂಗನ್ನು. ಮುಯ್ಯಾಳು!"

ಕಡಲೇಕಾಯಿ ಕೀಳುವಾಗ ಅವರ ಹೊಲಕ್ಕೆ ನಾವು, ನಮ್ಮ ಹೊಲಕ್ಕೆ ಅವರು. ಇಷ್ಟು ವರ್ಷ ನನಗೆ ವಿವರಿಸಲಾಗದ್ದನ್ನು ಅಪ್ಪ ಒಂದೇ ಪದದಲ್ಲಿ ಮುಗಿಸಿದ್ದರು.

ಆದರೆ ಆಗ ನಾನು ಅದನ್ನು ಬಿಟ್ಟುಬಿಡುವ ಯೋಚನೆಯಲ್ಲಿದ್ದೆ. ಮುಯ್ಯಿಗೆ ಬಂದವರಿಗೆ ಮುದ್ದೆ ಸಾರಾದರೂ ಉಂಟು. ಇಲ್ಲಿ ಗುರುತಿಲ್ಲದವರು "ಇನ್ನೂ ಸರಿ ಮಾಡಿಲ್ವಾ?" ಅಂತ ಗದರುತ್ತಾರೆ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಕೋಡನ್ನು ಬರೆದವನೇ ಎನ್‌ಪಿಎಂನಿಂದ ಕಿತ್ತುಹಾಕಿದ. ಅದನ್ನು ನಂಬಿಕೊಂಡಿದ್ದ ಸಾವಿರಾರು ಪ್ರಾಜೆಕ್ಟುಗಳು ಬಿಲ್ಡ್ ಆಗದೆ ನಿಂತವು. ಅವನ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗಿತ್ತು.

ಆ ಸಂಜೆ ಜಗಲಿ ಮೇಲೆ ಕೂತು ಅಪ್ಪನಿಗೆ ಫೋನಲ್ಲಿ ನನ್ನ ಲೈಬ್ರರಿ ತೋರಿಸಿದೆ. ಕನ್ನಡದಲ್ಲೇ ತಮ್ಮ ಹೆಸರು ಒತ್ತಿದರು. ಉದ್ದದ ಹೆಸರನ್ನು ಕತ್ತರಿಸಿ ಮೂರು ಚುಕ್ಕಿ ಹಾಕುವ ಕೆಲಸ ನನ್ನ ಕೋಡಿನದು. ಕೊನೆಯ 'ಪ್ಪ' ಹೋಗಿ ಬರೀ 'ಪ್' ಉಳಿಯಿತು.

"ಲೇ, ಹೆಸರಲ್ಲಿದ್ದ ಅಪ್ಪನ್ನೇ ಕೊಯ್ದಿದೀಯಲ್ಲೋ!" ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ.

'ಅಪ್ಪ' ನಮಗೆ ಎರಡಕ್ಷರ. ಜಾವಾಸ್ಕ್ರಿಪ್ಟ್‌ಗೆ ನಾಲ್ಕು: ಅ, ಪ, ಹಲಂತ, ಮತ್ತೊಂದು ಪ. ಯೂನಿಕೋಡ್‌ನಲ್ಲಿ ಒತ್ತಕ್ಷರ ಕೂಡಿಟ್ಟಿರುವುದೇ ಹಾಗೆ. ಮೂರಕ್ಕೆ ಕತ್ತರಿಸಿದರೆ 'ಅಪ್' ಆಗುತ್ತದೆ. ಅಷ್ಟು ವರ್ಷ ನಾನು ಪರೀಕ್ಷೆ ಮಾಡಿದ್ದೆಲ್ಲ ಇಂಗ್ಲಿಷ್ ಹೆಸರುಗಳ ಮೇಲೆ. ಗದರಿದವರನ್ನು ಬೈದುಕೊಳ್ಳುತ್ತಿದ್ದವನು ನನ್ನ ಮನೆಯವರನ್ನೇ ಮರೆತಿದ್ದೆ.

ಬೆಂಗಳೂರಿಗೆ ವಾಪಸ್ ಬಂದು ಸರಿ ಮಾಡಲು ಕೂತೆ. ಬ್ರೌಸರಿನ ಇಂಟ್ಲ್.ಸೆಗ್ಮೆಂಟರ್ 'ಪು' ಥರದ ಕಾಗುಣಿತವನ್ನು ಒಡೆಯದೆ ಒಂದೇ ತುಂಡಾಗಿ ಕೊಡುತ್ತದೆ, ಆದರೆ ನನ್ನ ಬ್ರೌಸರಿನಲ್ಲಿ ಒತ್ತಕ್ಷರವನ್ನು ಒಡೆಯಿತು. ಹಾಗಾಗಿ, ತುಂಡು ಹಲಂತದಲ್ಲಿ ಮುಗಿದರೆ ಮುಂದಿನದನ್ನೂ ಸೇರಿಸು ಅಂತ ನಾಲ್ಕು ಸಾಲು ಬರೆದೆ. ಪರೀಕ್ಷೆಯ ಮೊದಲ ಪದ 'ಅಪ್ಪ'.

ವಾರದೊಳಗೆ ಯಾರೋ ಅದೇ ನಾಲ್ಕು ಸಾಲಿಗೆ ತೆಲುಗು ಪದಗಳ ಪರೀಕ್ಷೆ ಬರೆದು ಕಳಿಸಿದರು. ಯಾರು, ಯಾವೂರು, ಗೊತ್ತಿಲ್ಲ. ನಮ್ಮ ಪಾವಗಡದ ಕಡೆ ಮನೆಮಾತು ತೆಲುಗಾಗಿರುವವರು ಬಹಳ. ಅವರ ಹೆಸರೂ ಇನ್ನು ತುಂಡಾಗಲಾರದು.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ.

"ನೋಡು, ಬಂದ್ರಲ್ಲ ಮುಯ್ಯಿಗೆ" ಅಂದರು. "ನೀನೂ ಹೋಗು, ತಪ್ಪಿಸಬೇಡ."

ಲೈಬ್ರರಿ ಇನ್ನೂ ನಡೀತಿದೆ.