ಬೆಂಕಿಯಿಲ್ಲದ ಬೀಡಿ

ಹತ್ತಿಗೂ ಬೆಂಕಿಗೂ ಇರುವ ಹಗೆತನವನ್ನು ಬೈಲಹೊಂಗಲದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರೆಯ ಹೊಲದ ಹತ್ತಿಯನ್ನು ಕೊಂಡು ಮಾರುವ ಆ ಊರಿನ ಪೇಟೆಯಲ್ಲಿ, ವಖಾರಿಯ ಬಾಗಿಲೊಳಗೆ ಬೀಡಿ ಹೊತ್ತಿಸಿದ ಆಳಿಗೆ ಮರುದಿನ ಕೆಲಸವಿಲ್ಲ. ಅಂಥದೊಂದು ವಖಾರಿಯ ಒಡೆಯರಾದ ಹಿರಿಯ ಸಾವಕಾರರಿಗೆ ಮಾತ್ರ ದಿನಕ್ಕೊಂದು ಕಟ್ಟು ಬೀಡಿ ಬೇಕಾಗುತ್ತಿತ್ತು. ತಾವೇ ಹಾಕಿದ ಕಟ್ಟಳೆಯನ್ನು ತಾವೇ ಮುರಿಯುವಂತಿಲ್ಲ. ಆದುದರಿಂದ ಅವರು ಗಂಟೆಗೊಮ್ಮೆ ಲೆಕ್ಕದ ಪುಸ್ತಕವನ್ನು ಮುಚ್ಚಿ, ರಸ್ತೆಯಾಚೆಯ ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲುತ್ತಿದ್ದರು. ನಲವತ್ತು ವರ್ಷ ಹೀಗೆಯೇ ನಡೆದಿತ್ತು. ಮೊದಮೊದಲು ಚಳಿಗಾಲದ ಅತಿಥಿಯಂತೆ ಬಂದುಹೋಗುತ್ತಿದ್ದ ಕೆಮ್ಮು, ಕಡೆಗೆ ಮನೆಯವರಲ್ಲಿ ಒಬ್ಬನಾಗಿ ಉಳಿದುಬಿಟ್ಟಿತ್ತು.

2015ರ ದಸರೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ನೌಕರಿಯಲ್ಲಿದ್ದ ಮಗ ಊರಿಗೆ ಬಂದ. ತಂದೆಗೆಂದು ಮಸಿಲೇಖನಿಯಂಥ ಒಂದು ಕರಿಯ ಕೊಳವೆಯನ್ನೂ ಎರಡು ಚಿಕ್ಕ ಸೀಸೆಗಳನ್ನೂ ತಂದಿದ್ದ. ಅದು ಎಲೆಕ್ಟ್ರಾನಿಕ್ ಸಿಗರೇಟು. ಒಂದು ಸೀಸೆಯಲ್ಲಿ ತಂಬಾಕಿನ ವಾಸನೆಯ ದ್ರವ, ಇನ್ನೊಂದರಲ್ಲಿ ಮಾವಿನ ಹಣ್ಣಿನದು.

“ಇದಕ್ಕ ಕಡ್ಡಿ ಗೀರೂದು ಬ್ಯಾಡ ಅಪ್ಪಾ. ಹೊಗಿ ಅಲ್ಲ, ಬರೇ ಉಗಿ” ಎಂದು ಮಗ ಬಿಡಿಸಿ ತೋರಿಸಿದ. ಕೆಳಗೊಂದು ಬ್ಯಾಟರಿ, ಮೇಲೆ ಸಣ್ಣ ತಂತಿಯ ಸುರುಳಿ, ಸುರುಳಿಯ ನಡುವೆ ದ್ರವವನ್ನು ಹೀರಿಕೊಳ್ಳುವ ಬತ್ತಿ. ಗುಂಡಿಯನ್ನೊತ್ತಿದರೆ ತಂತಿ ಕಾದು, ನಿಕೋಟಿನ್ ಬೆರೆತ ಗ್ಲಿಸರಿನ್ ಮತ್ತು ಪ್ರೊಪಿಲಿನ್ ಗ್ಲೈಕಾಲ್ ಉಗಿಯಾಗಿ ಬರುತ್ತದೆ. ಎಲೆ ಸುಡುವುದಿಲ್ಲವಾದ್ದರಿಂದ ಟಾರ್ ಇಲ್ಲ, ಕಾರ್ಬನ್ ಮೊನಾಕ್ಸೈಡಿನ ಕಾಟವಿಲ್ಲ. ಇದು ಸಿಗರೇಟಿಗಿಂತ ಸುಮಾರು ಶೇಕಡಾ 95ರಷ್ಟು ಕಡಿಮೆ ಹಾನಿಕರವೆಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಆ ಆಗಸ್ಟಿನಲ್ಲಿಯೇ ಸಾರಿತ್ತು. ಸಾವಕಾರರು ಕನ್ನಡಕವೇರಿಸಿ ಆ ಬತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಅಲ್ಲೋ ತಮ್ಮಾ, ಇದು ಅರಳಿ!” ಎಂದು ನಕ್ಕರು. “ನನ್ನ ವಖಾರಿ ಸರಕು ನನಗ ತಂದೀ.”

ಈ ಯಂತ್ರವನ್ನು ಕಲ್ಪಿಸಿದವನೂ ಇಂಥದೇ ಸಂಕಟದಲ್ಲಿದ್ದವನು. ಚೀನದ ಔಷಧತಜ್ಞ ಹೊನ್ ಲಿಕ್ ಸ್ವತಃ ಸಿಗರೇಟಿಗೆ ಅಂಟಿಕೊಂಡವನು. ಅವನ ತಂದೆಯನ್ನು ಶ್ವಾಸಕೋಶದ ಕ್ಯಾನ್ಸರು ಕೊಂಡೊಯ್ದಿತ್ತು. 2003ರ ಸುಮಾರಿಗೆ ಅವನು ರೂಪಿಸಿದ ಸಾಧನವೇ ಇಂದಿನ ಇವೆಲ್ಲಕ್ಕೂ ಮೂಲ. ಅದಕ್ಕೂ ಮುನ್ನ, 1965ರಲ್ಲಿ, ಹರ್ಬರ್ಟ್ ಗಿಲ್ಬರ್ಟ್ ಎಂಬ ಅಮೆರಿಕನ್ನನು ಹೊಗೆಯಿಲ್ಲದ ಸಿಗರೇಟಿಗೆ ಪೇಟೆಂಟ್ ಪಡೆದಿದ್ದರೂ ಅದು ಅಂಗಡಿಯ ಮುಖ ಕಾಣಲಿಲ್ಲ. ತಂದೆಯನ್ನು ಕಳೆದುಕೊಂಡ ಮಗನೊಬ್ಬನ ಆಲೋಚನೆ, ತಂದೆಯನ್ನು ಉಳಿಸಿಕೊಳ್ಳಬೇಕೆಂಬ ಇನ್ನೊಬ್ಬ ಮಗನ ಕೈಯಿಂದ ಬೈಲಹೊಂಗಲಕ್ಕೆ ಬಂದಿತ್ತು.

ಸಾವಕಾರರು ಮನಸ್ಸಿಟ್ಟು ಪ್ರಯತ್ನಿಸಿದರು. ಆದರೆ ಯಂತ್ರದ ಕುಂದುಗಳು ಒಂದೊಂದಾಗಿ ಹೊರಬಿದ್ದವು. ಕಿತ್ತೂರಿನ ಉತ್ಸವಕ್ಕೆ ಹೋದ ದಿನ ಕೋಟೆಯ ಬಯಲಿನಲ್ಲಿ ನಿಂತಿದ್ದಾಗಲೇ ಕೊಳವೆ ಸೋರಿ, ಇಸ್ತ್ರಿ ಮಾಡಿದ ಬಿಳಿಯ ಅಂಗಿಯ ಜೇಬು ಅಂಟಂಟಾಯಿತು. ಹಳೆಯ ಗೆಳೆಯರೊಬ್ಬರು ಬೀಡಿಯನ್ನು ತುಟಿಗಿಟ್ಟುಕೊಂಡು, “ಸಾವಕಾರ್ರ, ಬೆಂಕಿ ಐತೇನ್ರಿ?” ಎಂದು ಕೇಳಿದರು. ಕೊಡಲು ಬೆಂಕಿಯಿರಲಿಲ್ಲ. ಆ ಒಂದು ಮಾತಿನಿಂದ ಬೆಳೆಯುತ್ತಿದ್ದ ಎಷ್ಟೋ ಹರಟೆಗಳು ಅವರ ನೆನಪಿಗೆ ಬಂದವು. ದ್ರವ ಮುಗಿದುದನ್ನು ಗಮನಿಸದೆ ಎಳೆದರೆ ಒಣಗಿದ ಬತ್ತಿ ಸೀದು ಗಂಟಲು ಉರಿಯುತ್ತಿತ್ತು. ದ್ರವವು ಅತಿಯಾಗಿ ಕಾದಾಗ ಫಾರ್ಮಾಲ್ಡಿಹೈಡಿನಂಥ ವಿಷಗಳು ಹುಟ್ಟುತ್ತವೆಂದು ಸಂಶೋಧಕರು ಹೇಳುತ್ತಿದ್ದುದೂ ಅದೇ ವರ್ಷ.

ಭಾರತ ಹುಣ್ಣಿಮೆಗೆ ಸವದತ್ತಿಗೆ ಹೋದಾಗ ನಿಜವಾದ ಕುಂದು ಕಾಣಿಸಿತು. ಜೋಗುಳಬಾವಿಯನ್ನು ದಾಟಿ, ಭಂಡಾರದ ಹಳದಿಯಲ್ಲಿ ಮಿಂದ ಜನರ ನಡುವೆ ಯಲ್ಲಮ್ಮನ ಗುಡ್ಡವನ್ನು ಏರುತ್ತಿದ್ದಾಗ ಬ್ಯಾಟರಿ ಸತ್ತಿತು. ಸಾವಕಾರರು ಹಿಂದೆಮುಂದೆ ನೋಡದೆ ದಾರಿಬದಿಯ ಅಂಗಡಿಯಲ್ಲಿ ಒಂದು ಕಟ್ಟು ಬೀಡಿ ಕೊಂಡರು. ಅಂದು ರಾತ್ರಿ ಲೆಕ್ಕ ಹಾಕಿದರು. ಲೆಕ್ಕ ಅವರ ಕಸುಬು. ಬೀಡಿ ಕಟ್ಟಿನಿಂದ ಅರ್ಧ ಕಟ್ಟಿಗೆ ಇಳಿದಿತ್ತು, ನಿಜ. ಆದರೆ ಯಂತ್ರವು ಇದಕ್ಕೆ ಕೂಡಿಕೊಂಡಿತ್ತು. ಮೊದಲು ಬೇವಿನ ಗಿಡದವರೆಗೆ ನಡೆದುಹೋಗಿ ಸೇದುತ್ತಿದ್ದವರು ಈಗ ವಖಾರಿಯೊಳಗೆ, ಹಾಸಿಗೆಯಲ್ಲಿ, ಸ್ನಾನದ ಮನೆಯಲ್ಲಿ ಸಹ ಎಳೆಯುತ್ತಿದ್ದರು. ಬೆಂಕಿಯ ಭಯವು ಹಾಕಿದ್ದ ಬೇಲಿಯನ್ನು ಬೆಂಕಿಯಿಲ್ಲದ ಬೀಡಿ ಕಿತ್ತುಹಾಕಿತ್ತು.

ಆ ಬೇಸಿಗೆಯಲ್ಲಿ ಅವರು ರಾಮದುರ್ಗದ ಮಗಳ ಮನೆಗೆ ಹೋದರು. ಮಧ್ಯಾಹ್ನದ ನಿದ್ರೆಯಿಂದ ಎದ್ದಾಗ ಜೇಬಿನಲ್ಲಿ ಕೊಳವೆ ಇರಲಿಲ್ಲ. ಅಟ್ಟದ ಮೇಲಿಂದ ಮಾವಿನ ಹಣ್ಣಿನ ವಾಸನೆ ಬರುತ್ತಿತ್ತು. ಒಂಬತ್ತನೆಯ ಇಯತ್ತೆಯ ಮೊಮ್ಮಗ ಕಿಟಕಿಯ ಹತ್ತಿರ ಕುಳಿತು, ಬಾಯಿಂದ ಉಗಿಯ ಬಳೆಗಳನ್ನು ಬಿಡುತ್ತಿದ್ದ. ಅಜ್ಜನನ್ನು ಕಂಡು ಅವನು ಬೆದರಲಿಲ್ಲ.

“ಇದು ಬೀಡಿ ಅಲ್ಲಲ್ಲ ಅಜ್ಜಾ, ಬರೇ ಉಗಿ. ನೀವ ಹೇಳಿದ್ರೆಲ್ಲಾ?”

ಸಾವಕಾರರು ಬಾಯಿ ತೆರೆದರು, ಉತ್ತರ ಹೊಳೆಯಲಿಲ್ಲ. ಮಗಳು ಮೆಟ್ಟಿಲಲ್ಲಿ ನಿಂತು ಇಬ್ಬರನ್ನೂ ನೋಡಿ, ಏನೂ ಅನ್ನದೆ ಕೆಳಗಿಳಿದಳು. ಹಿಂದಿನ ಓಣಿಯಲ್ಲಿ ಮಗ್ಗದ ಸಪ್ಪಳ ನಡೆದೇ ಇತ್ತು. ಬೀಡಿಯ ಘಾಟು ವಾಸನೆಗೆ ಮೂಗು ಮುಚ್ಚಿಕೊಂಡು ಓಡುತ್ತಿದ್ದ ಹುಡುಗ, ಹಣ್ಣಿನ ವಾಸನೆಗೆ ತಾನಾಗಿ ಕೈಚಾಚಿದ್ದ. ಅಜ್ಜನಿಗೆ ಇಳಿಯುವ ಮೆಟ್ಟಿಲಾಗಬೇಕಾದುದು ಮೊಮ್ಮಗನಿಗೆ ಏರುವ ಮೆಟ್ಟಿಲಾಗಿತ್ತು.

ಮುಂದಿನ ವರ್ಷಗಳಲ್ಲಿ ಯಂತ್ರದ ದೋಷಗಳನ್ನೆಲ್ಲ ತಯಾರಕರು ಬಹುಮಟ್ಟಿಗೆ ತಿದ್ದಿದರು. ಸೋರದ ಮುಚ್ಚಿದ ಡಬ್ಬಿಗಳು ಬಂದವು. ಉಷ್ಣವನ್ನು ಅಂಕೆಯಲ್ಲಿಡುವ ವ್ಯವಸ್ಥೆ ಬಂತು. ಗಂಟಲಿಗೆ ಉರಿಯಾಗದಂತೆ ನಿಕೋಟಿನ್ ಲವಣಗಳು ಬಂದವು. ಗಂಟಲಿಗೆ ಹಿತವಾದಷ್ಟೂ ನಿಕೋಟಿನ್ ಹೆಚ್ಚು ಸಲೀಸಾಗಿ ಒಳಗಿಳಿಯಿತು. 2018ರಲ್ಲಿ ಅಮೆರಿಕದ ಸರ್ಜನ್ ಜನರಲ್ ಇದನ್ನು ಎಳೆಯರಲ್ಲಿ ಹಬ್ಬಿದ ಪಿಡುಗೆಂದು ಕರೆದರು. 2019ರಲ್ಲಿ ಅಲ್ಲಿಯೇ ಶ್ವಾಸಕೋಶದ ಹೊಸ ಬೇನೆಯೊಂದರಿಂದ ಎರಡು ಸಾವಿರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಗಾಂಜಾದ ಸತ್ವ ತುಂಬಿದ ಡಬ್ಬಿಗಳಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅದಕ್ಕೆ ಮುಖ್ಯ ಕಾರಣವೆಂದು ಗೊತ್ತಾಯಿತು. ಒಮ್ಮೆ ಬಳಸಿ ಎಸೆಯುವ ಸಾಧನಗಳು ಬ್ಯಾಟರಿಗಳ ಕಸವನ್ನೇ ಬೆಳೆಸಿದುದರಿಂದ ಬ್ರಿಟನ್ 2025ರ ಜೂನ್ 1ರಿಂದ ಅಂಥವನ್ನು ನಿಷೇಧಿಸಿತು.

ಕರ್ನಾಟಕವು 2016ರ ಜೂನಿನಲ್ಲಿಯೇ ಇದರ ಮಾರಾಟವನ್ನು ತಡೆಯಿತು. 2019ರ ಕೇಂದ್ರ ಕಾಯಿದೆಯು ದೇಶದಾದ್ಯಂತ ಇದರ ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳನ್ನು ನಿಷೇಧಿಸಿತು. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಬೀಡಿ ಸಿಗರೇಟುಗಳನ್ನು ಮಾರಲು ಬಿಟ್ಟು ಅವುಗಳಿಗಿಂತ ಕಡಿಮೆ ಹಾನಿಯದನ್ನು ತಡೆಯುವುದು ಯಾವ ನ್ಯಾಯವೆಂದು ಕೇಳುವವರಿದ್ದಾರೆ. ಅದು ತೆಗೆದುಹಾಕುವ ಪ್ರಶ್ನೆಯಲ್ಲ. ನಿಕೋಟಿನ್ ಗಮ್ಮಿಗಿಂತ ಈ ಯಂತ್ರದ ನೆರವಿನಿಂದ ಸಿಗರೇಟು ಬಿಟ್ಟವರು ಹೆಚ್ಚೆಂದು ಹೇಳುವ ಸಂಶೋಧನೆಗಳೂ ಇವೆ. ಆದರೆ ಅಜ್ಜನ ಜೇಬಿಗೂ ಮೊಮ್ಮಗನ ಕೈಗೂ ನಡುವಿನ ಅಂತರವು ಒಂದು ಮಧ್ಯಾಹ್ನದ ನಿದ್ರೆಯಷ್ಟೇ.

ಇದಕ್ಕೆ ನಿಜವಾದ ಸುಧಾರಣೆಯೊಂದು ಬರುವುದಾದರೆ ಅದು ಸೋರದ ಡಬ್ಬಿಯಲ್ಲ, ಸಾಯದ ಬ್ಯಾಟರಿಯಲ್ಲ. ವೈದ್ಯರ ಚೀಟಿಯಿಲ್ಲದೆ ಸಿಗದ, ಮಕ್ಕಳನ್ನು ಕರೆಯುವ ಪರಿಮಳವಿಲ್ಲದ, ವಾರವಾರಕ್ಕೂ ನಿಕೋಟಿನ್ನನ್ನು ತಾನೇ ತಗ್ಗಿಸುತ್ತ ಬಂದು, ಕಡೆಗೊಂದು ದಿನ ನಿಂತುಹೋಗುವ ಯಂತ್ರ ಬೇಕು. ಗಿರಾಕಿಯನ್ನು ಕಳೆದುಕೊಳ್ಳುವುದೇ ಗುರಿಯಾದ ಸರಕನ್ನು ಯಾವ ವ್ಯಾಪಾರಿಯು ಮಾಡುವನು? ಸ್ವತಃ ವ್ಯಾಪಾರಿಗಳಾದ ಸಾವಕಾರರಿಗೆ ಇದರ ಉತ್ತರ ತಿಳಿದಿತ್ತು.

ರಾಮದುರ್ಗದಿಂದ ಮರಳಿದ ಮೇಲೆ ಅವರು ಕೊಳವೆಯನ್ನು ಒಡೆದುಹಾಕಿದರು. ವೈದ್ಯರ ಮಾತಿನಂತೆ ನಿಕೋಟಿನ್ ಗಮ್ಮನ್ನು ಅಗಿದು, ದಿನದಿನದ ಬೀಡಿಯ ಎಣಿಕೆಯನ್ನು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟರು. ಎರಡು ಸಲ ಸೋತರು. ಮೂರನೆಯ ಸಲ ಆ ಹಾಳೆಯಲ್ಲಿ ಸೊನ್ನೆಗಳು ಸಾಲಾಗಿ ನಿಂತವು. ಬಿಡಬೇಕೆನ್ನುವವರಿಗೆ ಈಗ 1800-11-2356 ಎಂಬ ಸರಕಾರದ ಉಚಿತ ದೂರವಾಣಿಯಿದೆ. ಅವರಿಗೆ ಇದ್ದುದು ಮೊಮ್ಮಗನ ಆ ಒಂದು ಪ್ರಶ್ನೆ.

ಈಗಲೂ ಗಂಟೆಗೊಮ್ಮೆ ಅವರು ಪುಸ್ತಕ ಮುಚ್ಚಿ ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲುತ್ತಾರೆ. ಯಾರಾದರೂ ಬೆಂಕಿ ಕೇಳಿದರೆ ಇಲ್ಲವೆನ್ನುತ್ತಾರೆ. ಕೇಳಿದವರೊಡನೆ ಐದು ನಿಮಿಷ ಮಾತಾಡಿ, ಬರಿಗೈಯಲ್ಲಿ ವಖಾರಿಗೆ ಮರಳುತ್ತಾರೆ.