ಮೈಕ್ರಾನ್ ಮೀಸೆ

ಕರಿದ ಎಣ್ಣೆಗೆ ಡೀಸೆಲ್ ಬೆರೆಸಿ ಕಾರು ಓಡಿಸುವವರು ಇಬ್ಬರು ಸೇರಿದರೆ ಮೊದಲ ಪ್ರಶ್ನೆ, ‘ನಿಮ್ಮ ಫಿಲ್ಟರಿನ ರಂಧ್ರ ಎಷ್ಟು ಮೈಕ್ರಾನ್?’ ಐದು ಎಂದವನ ಎದುರು ಒಂದು ಎಂದವನು ಮೀಸೆ ತಿರುವುತ್ತಾನೆ. ಫಿಲ್ಟರು ಬೇಡವೆಂದಲ್ಲ. ಆದರೆ ಎಣ್ಣೆಯಲ್ಲಿ ಕರಗಿ ಕೂತ ನೀರಿಗೆ ಮೈಕ್ರಾನಿನ ಹಂಗಿಲ್ಲ, ಎಣ್ಣೆಯ ಜೊತೆಗೇ ದಾಟುತ್ತದೆ. ಬೇಗ ಇಳಿಯಲೆಂದು ಬಿಸಿ ಮಾಡಿ ಸೋಸಿದರಂತೂ ಕೊಬ್ಬೂ ಕರಗಿ ಪಾರಾಗಿ, ಚಳಿಯ ಬೆಳಿಗ್ಗೆ ಕಾರಿನ ಫಿಲ್ಟರಿನಲ್ಲಿ ಹೆಪ್ಪುಗಟ್ಟುತ್ತದೆ. ಇಂಗ್ಲೆಂಡಿನ ಚಿಪ್ಸ್ ಅಂಗಡಿಯ ದನದ ಕೊಬ್ಬಿಗೂ ನಮ್ಮ ಬೋಂಡಾ ಬಾಣಲೆಯ ತಾಳೆಎಣ್ಣೆಗೂ ಈ ವಿಷಯದಲ್ಲಿ ಜಾತಿಭೇದವಿಲ್ಲ.

ನನ್ನ ವಾದ ಇಷ್ಟೇ: ಡೀಸೆಲ್ ಬೆರೆಸಬೇಕಾದದ್ದು ಕಾರಿನ ಟ್ಯಾಂಕಿನಲ್ಲಲ್ಲ, ಡ್ರಮ್ಮಿನಲ್ಲಿ, ಅದೂ ಸೋಸುವ ಮೊದಲು. 40 ಡಿಗ್ರಿ ಶಾಖದಲ್ಲೂ ಅಡುಗೆ ಎಣ್ಣೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಮಂದ. ದ್ರವ ಮಂದವಾದಷ್ಟೂ ಕಣ ತಳ ಸೇರುವುದು ನಿಧಾನ ಎನ್ನುತ್ತದೆ ಸ್ಟೋಕ್ಸ್ ನಿಯಮ. ಹಾಗಾದರೆ ತೆಳುವಾಗಿಸಿದ ಲಾಭ ಇಂಜೆಕ್ಟರಿಗಿಂತ ಮೊದಲು ಗಸಿಗೇಕೆ ಸಿಗಬಾರದು? ಇನ್ನೊಂದು ಕಾರಣ ಇದಕ್ಕಿಂತ ಗಟ್ಟಿ. ಅಡುಗೆ ಎಣ್ಣೆಯಷ್ಟು ನೀರನ್ನು ಡೀಸೆಲ್ ಕರಗಿಸಿ ಇಟ್ಟುಕೊಳ್ಳದು. ಎರಡೂ ಬೆರೆತಾಗ ಹೆಚ್ಚಿನ ನೀರು ಹೊರಬೀಳುತ್ತದೆ. ಎಲ್ಲಿ ಬೀಳಬೇಕು, ಡ್ರಮ್ಮಿನ ತಳದಲ್ಲೋ, ಪಂಪಿನ ಬಾಯಲ್ಲೋ? ಟ್ಯಾಂಕಿನಲ್ಲೇ ಬೆರೆಸಿ, ಆಮೇಲೆ ಪಂಪು ತುಕ್ಕು ಹಿಡಿಯಿತೆಂದು ಎಣ್ಣೆಯ ಜಾತಕ ಬೈಯುವವರನ್ನು ಕಂಡರೆ ಮೈ ಉರಿಯುತ್ತದೆ. ಬೆರೆಸಿ, ತಿಳಿಯಾಗುವ ತನಕ ಬಿಟ್ಟು, ಡ್ರಮ್ಮಿನ ಮೇಲಿನಿಂದ ತೆಗೆದ ಎಣ್ಣೆಯ ನಾಲ್ಕು ಹನಿ ಕಾದ ಬಾಣಲೆಗೆ ಬಿಟ್ಟರೆ ಸಾಕಲ್ಲ! ಚಟಪಟ ಎಂದರೆ ನೀರಿದೆ, ಅಷ್ಟೆ.

ಅಷ್ಟು ಕಾಯಲು ಯಾರಿಗೆ ಪುರುಸೊತ್ತು, ಗಸಿಯ ಜೊತೆ ದುಡ್ಡು ಕೊಟ್ಟ ಡೀಸೆಲ್ಲೂ ಹೋಗುತ್ತದಲ್ಲ ಎನ್ನುತ್ತಾರೆ. ಸ್ವಲ್ಪ ಹೋಗುತ್ತದೆ, ನಿಜ; ಪಂಪಿನ ಬೆಲೆಯಷ್ಟಲ್ಲ. ಪುರುಸೊತ್ತಿನ ಮಾತಿಗೆ ಬ್ರಿಟನ್ನಿನ ಕಾನೂನೇ ಉತ್ತರ. ಅಲ್ಲಿ 2007ರಿಂದ ವರ್ಷಕ್ಕೆ 2,500 ಲೀಟರ್ ತನಕ ಇಂಥ ಇಂಧನಕ್ಕೆ ಸುಂಕವಿಲ್ಲ. ಅಂದರೆ ತಿಂಗಳಿಗೆ ಸುಮಾರು ಒಂದು ಡ್ರಮ್ಮು. ಒಂದು ಉರಿಯುವಾಗ ಇನ್ನೊಂದು ತಿಳಿಯಾಗಲಿ. ಕಾಮನ್ ರೈಲ್ ಎಂಜಿನ್ನಿನವರು ಮಾತ್ರ ದಯವಿಟ್ಟು ದೂರವಿರಿ. ಇದು ಹಳೆಯ ಇಂಡೈರೆಕ್ಟ್ ಇಂಜೆಕ್ಷನ್ ಗಾಡಿಗಳ ಮಾತು.

ಕೊನೆಗೆ ಕರಿದ ಎಣ್ಣೆಯ ಪರವಾಗಿ ರುಡಾಲ್ಫ್ ಡೀಸೆಲ್ಲನನ್ನೇ ಸಾಕ್ಷಿಗೆ ಕರೆಯುತ್ತಾರೆ: 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಲಿಲ್ಲವೇ? ಓಡಿತು. ಅದನ್ನು ಓಡಿಸಿದ್ದು ಓಟೋ ಕಂಪನಿ, ಓಡಿಸಲು ಕೇಳಿದ್ದು ಫ್ರೆಂಚ್ ಸರ್ಕಾರ. ಆಫ್ರಿಕದ ವಸಾಹತುಗಳಲ್ಲಿ ಧಾರಾಳವಾಗಿ ಬೆಳೆಯುವ ಕಡಲೆಕಾಯಿಯಿಂದ ಅಲ್ಲಿನ ಯಂತ್ರಗಳು ಅಲ್ಲೇ ನಡೆಯಲಿ ಎಂಬುದು ಆ ಸರ್ಕಾರದ ಲೆಕ್ಕಾಚಾರ. ಕರಿದು ಮಿಕ್ಕ ಎಣ್ಣೆಯ ಉಳಿತಾಯ ಅದರಲ್ಲೆಲ್ಲೂ ಇಲ್ಲ.