ಮೂರು ಪ್ರತಿ

"ತಾತ, ಹೇರೋಹಳ್ಳಿ ನಿಜವಾಗ್ಲೂ ಹಳ್ಳಿ ಆಗಿತ್ತಾ?"

ಸಮಾಜಶಾಸ್ತ್ರ ಓದುತ್ತಿರುವ ಮೊಮ್ಮಗಳು ಮೊಬೈಲನ್ನು ನನ್ನ ಮೂಗಿನ ಕೆಳಗಿಟ್ಟು ಕೇಳಿದಳು. ಹತ್ತು ನಿಮಿಷ ಮಾತಾಡಿದರೆ ಸಾಕಂತೆ, ಅಕ್ಷರಕ್ಕಿಳಿಸುವ ಕೆಲಸ ಅದರದೇ ಅಂತೆ.

ಒಂದು ಕಾಲಕ್ಕೆ ಅಕ್ಷರಕ್ಕಿಳಿಸುವುದೇ ನನ್ನ ಹೊಟ್ಟೆಪಾಡು. ಎಪ್ಪತ್ತರ ದಶಕದಲ್ಲಿ ಮಾಗಡಿ ರಸ್ತೆಯ ಟೈಪಿಂಗ್ ಇನ್‌ಸ್ಟಿಟ್ಯೂಟೊಂದರಲ್ಲಿ ಸಂಜೆ ಹೊತ್ತು ಜಾಬ್ ಟೈಪಿಂಗ್ ಮಾಡುತ್ತಿದ್ದೆ. ಕಾರ್ಬನ್ನು, ರಿಬ್ಬನ್ನು, ಮೆಷಿನ್ ಎಣ್ಣೆ ಮೂರೂ ಕಲೆತ ಆ ವಾಸನೆ ಊಟಕ್ಕೆ ಕೂತರೂ ಬೆರಳು ಬಿಡುತ್ತಿರಲಿಲ್ಲ. ಮುದ್ದೆ ಮುರಿದರೆ ನೀಲಿ.

ನಾಗರಬಾವಿ ಕಡೆಯಿಂದ ಸಂಶೋಧಕರು ಹಳ್ಳಿ ಸುತ್ತಿ ಬರೆದ ಟಿಪ್ಪಣಿ ತರುತ್ತಿದ್ದರು. ಬರಹ ಇಂಗ್ಲಿಷು, ನಡುವೆ ಮುಯ್ಯಿ, ಒಕ್ಕಲು, ಆಲೆಮನೆ. ಕನ್ನಡ ಪದ ಬಂದಲ್ಲೆಲ್ಲ ಕೆಳಗೆ ಗೆರೆ ಬೇಕು. ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಅಲ್ಲೇ ಪಟ್ಟು ಹಾಕುತ್ತಿದ್ದರು: "ಗೆರೆ ಹೊಡೆಯೋಕೆ ಹುಡುಗ ಅದೇ ಪದಕ್ಕೆ ವಾಪಸ್ ಹೋಗಬೇಕಲ್ವಾ ಸಾರ್? ಪುಟಕ್ಕೆ ಐದು ಪೈಸೆ ಜಾಸ್ತಿ." ಸಂಶೋಧಕರು ಗೊಣಗಿಕೊಂಡೇ ಕೊಡುತ್ತಿದ್ದರು. ನನ್ನವ್ವನ ಬಾಯಲ್ಲಿ ದಿನಾ ಬರುವ ಮಾತಿಗೆ ಐದು ಪೈಸೆ!

ಮೂರು ಪ್ರತಿ ತೆಗೆದು ಕೊಡುವಾಗ ಮೇಷ್ಟ್ರು ತಪ್ಪದೆ ಹೇಳುತ್ತಿದ್ದರು: "ಮೂರೂ ಒಂದೇ ಕಡೆ ಇಡಬೇಡ್ರಪ್ಪಾ, ಶ್ರೀನಿವಾಸ್ ಸಾಹೇಬರ ಕತೆ ಆದೀತು."

ಅದು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಕತೆ. ಮೈಸೂರಿನವರು. ಕೊಡವರ ಮೇಲೆ ಬರೆದು ಹೆಸರಾದವರು. ಆಕ್ಸ್‌ಫರ್ಡಿನಲ್ಲಿ ಕೆಲಸ ಸಿಕ್ಕಿ, ಮೊದಲ ವರ್ಷವೇ, 1948ರಲ್ಲಿ, ಮೈಸೂರು ಸೀಮೆಯ ಹಳ್ಳಿಯೊಂದರ ಪಟೇಲರ ಎತ್ತಿನ ಮನೆಯಲ್ಲಿ ಬಿಡಾರ ಹೂಡಿದರು. ಪುಸ್ತಕದಲ್ಲಿ ಆ ಹಳ್ಳಿಗೆ ರಾಂಪುರ ಎಂದು ಹೆಸರಿಟ್ಟರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಹಚ್ಚಿದ ಬೆಂಕಿಗೆ, ವರ್ಷಗಟ್ಟಲೆ ತಿದ್ದಿ ಜೋಡಿಸಿದ ಟಿಪ್ಪಣಿಯ ಮೂರೂ ಪ್ರತಿ ಬೂದಿಯಾದವು. ಆಮೇಲೆ ನೆನಪಿನಿಂದಲೇ ಬರೆದ ರಾಂಪುರದ ಪುಸ್ತಕ 1976ರಲ್ಲಿ ಬಂತು. ಅಷ್ಟರಲ್ಲಿ ಅವರು ನಮ್ಮ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿದ್ದರು. ನಾನು ಅವರನ್ನು ಮಾತಾಡಿಸಿದವನಲ್ಲ. ಮೇಷ್ಟ್ರೂ ಅಷ್ಟೇ ಅಂತ ಈಗ ಅನುಮಾನ.

ಬದಲಾವಣೆ ಅಳೆಯುವ ಆ ನಾಗರಬಾವಿಯ ಸಂಸ್ಥೆ ಸೈಕಲ್ ತುಳಿಯುವಷ್ಟು ದೂರದಲ್ಲಿತ್ತು. ನಮ್ಮ ಹೇರೋಹಳ್ಳಿಯ ಗದ್ದೆಗೆ ಕಲ್ಲು ನೆಟ್ಟು ಸೈಟು ಮಾಡುವಾಗ ನಮ್ಮನ್ನು ಕೇಳಲು ಯಾರೂ ಬರಲಿಲ್ಲ, ಬ್ರೋಕರೊಬ್ಬನನ್ನು ಬಿಟ್ಟರೆ. ಮನೆಮನೆಯ ಬದುವು ಅವನಿಗೆ ಗೊತ್ತಿತ್ತು. ಈಗ ಊರ ಕೆರೆ ಸುತ್ತ ಬೇಲಿ, ವಾಕಿಂಗ್ ಪಾತ್. ಕೋಡಿ ಯಾವ ಕಡೆ ಹರಿಯುತ್ತಿತ್ತು ಅಂದರೆ ಅಲ್ಲಿ ನಡೆಯುವವರಿಗೆ ಗೊತ್ತಿಲ್ಲ.

ಇಷ್ಟು ಹೇಳಿ ಮುಗಿಸಿದೆ. ಮೊಬೈಲು "ಮುಯ್ಯಿ" ಅಂದದ್ದನ್ನು "ಮೈ" ಅಂತ ಬರೆದಿತ್ತು. ಗೆರೆಯೂ ಇಲ್ಲ.

ಮೊಮ್ಮಗಳು ಬಿಡಲಿಲ್ಲ. "ಹೊಲಗೇರಿ ಎಲ್ಲಿತ್ತು? ಅಲ್ಲಿನ ಮನೆ ಹೇಗಿದ್ವು?"

ದಿಕ್ಕು ತೋರಿಸಿದೆ. ಮನೆ ಹೇಗಿದ್ದವೆಂದು ಏನು ಹೇಳಲಿ? ಆ ಮನೆಗಳ ಒಳಗೆ ನಾನು ಒಂದು ದಿನವೂ ಕಾಲಿಟ್ಟವನಲ್ಲ. ಪಟೇಲರ ಮನೆಯಲ್ಲಿದ್ದ ಬ್ರಾಹ್ಮಣ ತಾನು, ಆ ಕೇರಿಯ ಬದುಕು ತನಗೆ ಸರಿಯಾಗಿ ದಕ್ಕಲಿಲ್ಲ ಎಂದು ಶ್ರೀನಿವಾಸರಾದರೂ ಬರೆದುಕೊಂಡರು. ಹುಟ್ಟಿದೂರಿನಲ್ಲೇ ಎಪ್ಪತ್ತು ವರ್ಷ ಕಳೆದ ನಾನು?

"ಹೇಳು ತಾತ, ರೆಕಾರ್ಡ್ ಆಗ್ತಿದೆ," ಅಂದಳು.